ಎಂಟು ಮಣೆ, ಎರಡು ಗಾಲಿ

“ಗುರುಗಳೇ, ಸಣ್ಣ ಮಕ್ಕಳು ಹೇಳಿದ ಮಾತು ಕೇಳುವಂತೆ ಮಾಡುವುದು ಹೇಗೆ?”

ಕೇಳಿದವಳು ದಾಕ್ಷಾಯಿಣಿ, ಮಠದ ಶಿಶುವಿಹಾರದಲ್ಲಿ ಪಾಠ ಹೇಳುವ ಶಿಷ್ಯೆ. ಆ ದಿನ ಅವಳು ಅಕ್ಷರ ತಿದ್ದಿಸಲು ಕುಳಿತರೆ ಮಕ್ಕಳೆಲ್ಲ ಗೋಡೆಯ ಮೇಲಿನ ಇರುವೆ ಸಾಲಿನ ಹಿಂದೆ ಹೊರಟುಹೋಗಿದ್ದರು. ಕರೆದು ಕರೆದು ಅವಳ ಗಂಟಲು ಕಟ್ಟಿತ್ತು. “ಕೂರಿಸಿದರೆ ಏಳುತ್ತಾರೆ, ಕರೆದರೆ ಓಡುತ್ತಾರೆ. ನನಗೆ ಸಾಕಾಗಿಹೋಗಿದೆ” ಎಂದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕ ತನ್ನ ಮಗಳಿಗೂ ಕೇರಿಯ ಇನ್ನೇಳು ಮಕ್ಕಳಿಗೂ ಅಕ್ಷರ ಕಲಿಸಲು ಒಬ್ಬ ಉಪಾಧ್ಯಾಯನನ್ನು ನೇಮಿಸಿದ. ಎಲ್ಲರೂ ನಾಲ್ಕೈದು ವರ್ಷದವರು. ದಸರೆಯೊಳಗೆ ಮಕ್ಕಳಿಗೆ ಅಕ್ಷರ ಬರಬೇಕು, ಇಲ್ಲವಾದರೆ ಬೇರೊಬ್ಬರನ್ನು ನೋಡಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿದ್ದ. ಉಪಾಧ್ಯಾಯ ದಿನವೂ ಜಗಲಿಯ ಮೇಲೆ ಎಂಟು ಮಣೆ ಹಾಕಿ, ಮುಂದೆ ಮರಳು ಹರಡಿ ಕೂರುತ್ತಿದ್ದ.

ಒಂದು ಬೆಳಿಗ್ಗೆ ಆ ಜಗಲಿಯ ಎದುರಿಗೇ ಎತ್ತಿನ ಗಾಡಿಯೊಂದರ ಗಾಲಿ ಮುರಿಯಿತು. ಬಡಗಿ ಬಂದು ಅಲ್ಲಿಯೇ ಕುಳಿತು ಹೊಸ ಗಾಲಿ ಮಾಡತೊಡಗಿದ. ಮಕ್ಕಳ ಕಣ್ಣು ಅತ್ತ ಹೋಯಿತು. ಉಪಾಧ್ಯಾಯ ಅವರನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದ. ಅವರು ಬಾಚಿಯ ಸದ್ದಿಗೆ ಕಿವಿಗೊಟ್ಟರು. ಒಳಗೆ ಕರೆದೊಯ್ದು ಬಾಗಿಲು ಹಾಕಿದ. ಅವರು ಬಾಗಿಲ ಸಂದಿಗೆ ಕಣ್ಣಿಟ್ಟರು. ಮೂರನೆಯ ದಿನ ಅವನ ತಾಳ್ಮೆ ಕೆಟ್ಟಿತು. “ಹೋಗಿ, ಆ ಗಾಲಿಯನ್ನೇ ಮಾಡಿಕೊಂಡಿರಿ” ಎಂದ.

ಮಕ್ಕಳು ಅದನ್ನು ಅಪ್ಪಣೆ ಎಂದುಕೊಂಡರು. ಬಡಗಿ ಬಿಸಾಡಿದ ಚೂರುಗಳನ್ನು ಆರಿಸಿ ತಮ್ಮದೇ ಒಂದು ಪುಟ್ಟ ಗಾಡಿ ಮಾಡಿದರು. ಅದು ನೇರ ಹೋಗದು, ಒಂದೇ ಕಡೆಗೆ ಎಳೆಯುವುದು. ಏಕೆ ಹೀಗೆ ಎಂದು ತಮ್ಮಲ್ಲೇ ಜಗಳವಾಡಿದರು. ದಾರ ತಂದು ಗಾಲಿಗಳಿಗೆ ಸುತ್ತಿ ಅಳೆದರು. ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದನ್ನು ಕಲ್ಲಿಗೆ ಉಜ್ಜಿದರು, ಮತ್ತೆ ಅಳೆದರು. ಊಟಕ್ಕೆ ಕರೆದರೂ ಏಳಲಿಲ್ಲ.

ಉಪಾಧ್ಯಾಯ ಎಂಟು ಖಾಲಿ ಮಣೆಗಳ ಮುಂದೆ ಒಬ್ಬನೇ ಕುಳಿತು ಒಳಗೊಳಗೇ ಕುದಿಯುತ್ತಿದ್ದ. ತಾನು ತಿಂಗಳುಗಟ್ಟಲೆ ಹೆಣಗಿದರೂ ಒಂದು ಗಳಿಗೆ ನಿಲ್ಲದ ಮನಸ್ಸು ಆ ಮರದ ಚೂರಿನ ಮೇಲೆ ನಿಂತಿತಲ್ಲ ಎಂದು ಅವನಿಗೆ ಅವಮಾನವಾಗಿತ್ತು.

ಆಗ ವರ್ತಕನ ಮಗಳು ಎರಡು ಗಾಲಿ ಹಿಡಿದು ಓಡಿಬಂದಳು.

“ಮೇಷ್ಟ್ರೇ, ಇದು ಎಡಗಡೆಗೇ ಕೂಡುತ್ತದೆ, ಇದು ಬಲಗಡೆಗೇ. ಬಿಚ್ಚಿದರೆ ಯಾವುದು ಯಾವುದೆಂದು ಮರೆತುಹೋಗುತ್ತದೆ. ಎಡ, ಬಲ ಎಂದು ಬರೆಯುವುದು ಹೇಗೆ? ತೋರಿಸಿ.”

“‘ಎ’ ಬರಬೇಕಾದರೆ ಇನ್ನೂ ಎಷ್ಟೋ ದಿನ ಬೇಕು. ಮೊದಲು ಮಣೆಯ ಮೇಲೆ ಕುಳಿತು ‘ಅ’ ತಿದ್ದು” ಎಂದ ಉಪಾಧ್ಯಾಯ.

ಮಗು ಗಾಲಿಗಳನ್ನು ಜಗಲಿಯ ಅಂಚಿನಲ್ಲಿಟ್ಟು ಮಣೆಯ ಮೇಲೆ ಕುಳಿತಿತು. ಅವಳನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದು ಕುಳಿತರು. ಸಂಜೆಗೆ ಬಡಗಿಯ ಕೆಲಸ ಮುಗಿದು ಎತ್ತಿನ ಗಾಡಿ ಹೊರಟುಹೋಯಿತು. ಅಂತೂ ಗೆದ್ದೆ ಎಂದುಕೊಂಡ ಉಪಾಧ್ಯಾಯ. ದಸರೆಗೆ ವರ್ತಕ ಬಂದು ನೋಡಿದಾಗ ಎಂಟೂ ಮಕ್ಕಳು ಕೈಕಟ್ಟಿ ಕುಳಿತು ‘ಅ’ದಿಂದ ‘ಳ’ದವರೆಗೆ ತಪ್ಪಿಲ್ಲದೆ ಒಪ್ಪಿಸಿದರು. ಉಪಾಧ್ಯಾಯನ ಕೆಲಸ ಉಳಿಯಿತು.

ದಾಕ್ಷಾಯಿಣಿಗೆ ಸಮಾಧಾನವಾಯಿತು. “ಕಡೆಗಾದರೂ ಮಕ್ಕಳು ಅವನ ಮಾತು ಕೇಳಿದರಲ್ಲ” ಎಂದಳು.

“ಕೇಳಿದರು, ತಾಯಿ” ಎಂದರು ಗುರುಗಳು. “ಆದರೆ ಅಂದಿನಿಂದ ಅವನನ್ನು ಏನನ್ನೂ ಕೇಳಲಿಲ್ಲ.”