ಪಕ್ಕಕ್ಕೆ ನಿಂತ ಫ್ಲ್ಯಾಶ್

ಯಾರಿಗೂ ಹೇಳಬೇಡ ಅಂತ ಅಪ್ಪನ ಕ್ಯಾಮೆರಾ ನನ್ನ ಹತ್ರ ಆಣೆ ಹಾಕಿಸ್ಕೊಂಡಿತ್ತು. ಆದ್ರೂ ಹೇಳ್ತೀನಿ.

ಸಂಜೆ ಖೋಖೋ ಫೈನಲ್ ಇತ್ತು. ಒಳ್ಳೆ ಫೋಟೋ ಸಿಗ್ಲಿಲ್ಲ ಅಂದ್ರೆ ಅಪ್ಪ ಕ್ಯಾಮೆರಾನ ಮಾರಿಬಿಡೋರು. ಬ್ಯಾಗಲ್ಲಿ ಎರಡು ಫ್ಲ್ಯಾಶ್ ಇದ್ವು, ಒಂದು ದುಬಾರಿ, ಇನ್ನೊಂದು ಅಗ್ಗದ್ದು.

"ನಾನು ನಿನ್ನ ತಲೆ ಮೇಲೇ ಕೂರೋನು," ಅಂತು ದುಬಾರಿ ಫ್ಲ್ಯಾಶ್.

"ನನ್ನನ್ನ ಪಕ್ಕಕ್ಕೆ ನಿಲ್ಸಿದ್ರೆ ಸಾಕು ಸ್ವಾಮಿ," ಅಂತು ಅಗ್ಗದ್ದು.

ಕ್ಯಾಮೆರಾ ದುಬಾರಿಯನ್ನೇ ಆರಿಸ್ಕೊಂತು. ಅದು ಒಂದ್ಸಲ ಜೋರಾಗಿ ಹೊಳೀತು. ಅಷ್ಟರಲ್ಲಿ ನಮ್ಮ ತಂಡದ ಧಾರಿಣಿ ಡೈವ್ ಹೊಡೆದ್ಲು.

"ಬೇಗ!" ಅಂತು ಕ್ಯಾಮೆರಾ.

"ತಡಿಯೋ, ದಮ್ ತಗೋತಿದೀನಿ!" ಅಂತು ಇನ್ನೂ ಚಾರ್ಜ್ ಆಗ್ತಿದ್ದ ದುಬಾರಿ ಫ್ಲ್ಯಾಶ್.

ಫೋಟೋ ತಪ್ಪಿಹೋಯ್ತು. ಕ್ಯಾಮೆರಾ ನಾಚ್ಕೊಂಡು ಅಗ್ಗದ್ದನ್ನ ಕರೀತು. ಅದು ಪಕ್ಕದಲ್ಲಿ ನಿಂತು, ಕರೆದಾಗೆಲ್ಲ ಸಣ್ಣಗೆ ಹೊಳೀತು. ಧಾರಿಣಿಯ ಮುಂದಿನ ಡೈವೂ ಸಿಕ್ತು, ಕಪ್ ಹಿಡಿದ ಮುಖವೂ ಸಿಕ್ತು.

ಮನೇಲಿ ಕ್ಯಾಮೆರಾ ಅಗ್ಗದ ಫ್ಲ್ಯಾಶಿನ ಸೆಲ್ ಬಾಗಿಲು ತಟ್ತು. "ಅಣ್ಣಾ, ನಿನ್ನಿಂದ ಉಳ್ಕೊಂಡೆ."

ಕರೆದಾಗೆಲ್ಲ ಹೊಳೆದು ಹೊಳೆದು ಒಳಗೆ ನಾಲ್ಕೂ ಸೆಲ್ ಪೂರ್ತಿ ಖಾಲಿಯಾಗಿದ್ವು. ಬಾಗಿಲು ಮುಚ್ಚೇ ಇತ್ತು.