ಸರಪಳಿಯ ತುದಿಯ ಹಗ್ಗ

ಹಾಯಿದೋಣಿಯ ಮೂತಿಗೆ ಲಂಗರು ಎತ್ತುವ ಹೊಸ ಯಂತ್ರ ಬಂತು. ದೋಣಿಯ ಒಡೆಯ ಮಂಕಾಳಣ್ಣ ಅದರ ಕೆಳಗಿನ ಗೂಡನ್ನು ಕೊರೆದು ಆಳ ಮಾಡಿ ಹೊಸ ಸರಪಳಿ ತುಂಬಿದ. ಅದರ ಕೊನೆಯ ಕೊಂಡಿಯನ್ನು ಮಾತ್ರ ಹಳೆಯ ಹಗ್ಗದ ತುಂಡಿನಿಂದ ದೋಣಿಗೆ ಕಟ್ಟಿದ.

ಸರಪಳಿಗೆ ಅವಮಾನವಾಯಿತು. “ಎಲೈ ಹಗ್ಗವೇ, ನನ್ನಂಥ ಉಕ್ಕನ್ನು ನಿನ್ನಂಥ ನಾರು ಹಿಡಿದೀತೇ? ನನಗೆ ಬೋಲ್ಟು ಬಿಗಿಯಬೇಕಿತ್ತು.”

“ಬರೀ ಹಿಡಿಯುವುದಕ್ಕೆ ನನ್ನನ್ನು ಕಟ್ಟಿಲ್ಲ, ಸರಪಳಿಯಕ್ಕ.”

“ಮತ್ತೇನು, ಅಲಂಕಾರಕ್ಕೋ?”

ಹಗ್ಗ ತನ್ನ ಗಂಟನ್ನು ಇನ್ನಷ್ಟು ಬಿಗಿದುಕೊಂಡಿತು.

ಬಿರುಗಾಳಿ ಎದ್ದ ದಿನ ಲಂಗರು ಬಂಡೆಯ ಸಂದಿಗೆ ಸಿಕ್ಕಿಬಿತ್ತು. ಯಂತ್ರ ಎಳೆದೆಳೆದು ಸುಟ್ಟುಹೋಯಿತು. ಸರಪಳಿಯೋ, ಗೂಡಿನಿಂದ ಪೂರ್ತಿ ಹೊರಗೆ ಬಂದರೂ ಹೆಮ್ಮೆಯಿಂದ ಬಿಗಿದು ನಿಂತಿತು. ಅದು ಬಿಗಿದಷ್ಟೂ ದೋಣಿಯ ಮೂತಿ ನೀರಿಗಿಳಿಯಿತು. ಮಂಕಾಳಣ್ಣ ಚೂರಿ ಹಿಡಿದು ಬಂದ.

“ಬೇಡ, ನನ್ನನ್ನು ಬಿಡಬೇಡ!” ಎಂದು ಸರಪಳಿ ಕೂಗಿತು.

“ಉಕ್ಕನ್ನು ಚೂರಿ ಕತ್ತರಿಸದು, ಅಕ್ಕ. ನನ್ನನ್ನು ಕಟ್ಟಿದ್ದು ಇದಕ್ಕೇ,” ಎಂದು ಹಗ್ಗ ಚೂರಿಗೆ ಮೈಯೊಡ್ಡಿತು. ಸರಪಳಿ ಕಡಲಿಗೆ ಜಾರಿತು; ದೋಣಿ ಮೂತಿಯೆತ್ತಿ ದಡದ ಕಡೆ ಓಡಿತು.

ಕಡಲ ತಳದಲ್ಲೂ ಅರ್ಧ ಹಗ್ಗ ಕೊನೆಯ ಕೊಂಡಿಯನ್ನು ಬಿಟ್ಟಿರಲಿಲ್ಲ.

“ನೀನಾದರೂ ಮೇಲೆ ಉಳಿಯಬಹುದಿತ್ತು,” ಎಂದಿತು ಸರಪಳಿ, ಮೊದಲ ಸಲ ಮೆಲ್ಲಗೆ.

“ಅರ್ಧ ಉಳಿದಿದ್ದೇನೆ, ಅಕ್ಕ. ನಿನ್ನ ಖಾಲಿ ಗೂಡಿನಲ್ಲಿ.”