ಹದ್ದು ಏರುವ ಮುನ್ನ

"ಅಜ್ಜಾರೇ, ಆರು ತಿಂಗಳಾಯಿತು, ಕೆಳಗಿನ ಕೇರಿಯಿಂದ ಒಂದು ದೂರೂ ಬಂದಿಲ್ಲ. ಅವರು ಗುಡ್ಡ ಹತ್ತುವುದಿಲ್ಲ, ನಾವು ಇಳಿಯುವುದಿಲ್ಲ. ಇದಕ್ಕೆ ಶಾಂತಿ ಎನ್ನಬಹುದಲ್ಲವೇ?"

ಗುಡ್ಡದ ಮಠವನ್ನು ನೋಡಿಕೊಳ್ಳುತ್ತಿದ್ದ ಚರಂತಯ್ಯ ಹೀಗೆ ಕೇಳಿದ. ಗುರು ದೇಶ ಸುತ್ತಿ ಅಂದೇ ಮರಳಿದ್ದರು. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ಕತೆ ಹೇಳಿದರು.

ಸುತ್ತ ಗುಡ್ಡ, ನಡುವೆ ತಗ್ಗು. ತಗ್ಗಿನಲ್ಲಿ ಏಳು ಸುಣ್ಣದ ಗೂಡು, ಪಕ್ಕದಲ್ಲೇ ಸುಣ್ಣ ಸುಡುವವರ ಗುಡಿಸಲು. ಗೂಡುಗಳ ಒಡೆಯ ಒಬ್ಬ ಸಾಹುಕಾರ. ಅವನ ಮನೆ ಗುಡ್ಡದ ಮೇಲೆ.

ಸುಣ್ಣ ಸುಡುವವರದು ಒಂದು ಕಟ್ಟಳೆ. ಹದ್ದು ರೆಕ್ಕೆ ಬಡಿಯದೆ ಸುತ್ತಿ ಸುತ್ತಿ ಏರುವುದನ್ನು ಕಂಡ ಮೇಲೆಯೇ ಗೂಡಿಗೆ ಬೆಂಕಿ. ಚಿಕ್ಕ ಗೂಡುಗಳು, ಹೊತ್ತು ಮುಳುಗುವುದರೊಳಗೆ ಸುಟ್ಟು ಮುಗಿಯುತ್ತವೆ. ಮಾಗಿಯಲ್ಲಿ ತಗ್ಗಿನ ಗಾಳಿ ತಣ್ಣಗಾಗಿ ನೆಲ ಹಿಡಿದು ಮಲಗುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳವಾಗುತ್ತದೆ; ಗೂಡಿನ ಹೊಗೆ ಅದರಡಿ ಸಿಕ್ಕಿಕೊಂಡರೆ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಬಿಸಿಲು ನೆಲ ಕಾಯಿಸಬೇಕು. ಆಗ ಕೆಳಗಿನದು ಏರುತ್ತದೆ, ಮೇಲಿನದು ಇಳಿಯುತ್ತದೆ. ಹದ್ದು ಏರುವುದೂ ಆ ಗಾಳಿಯನ್ನು ಹಿಡಿದೇ.

ಒಂದು ಮಾಗಿಯಲ್ಲಿ ಸಾಹುಕಾರನ ಹೊಸ ಮಹಡಿಯ ಗಾರೆಗೆ ಸುಣ್ಣ ಸಾಲದಾಯಿತು. ಗೃಹಪ್ರವೇಶಕ್ಕೆ ನಾಲ್ಕೇ ದಿನ. ನಾಳೆ ಬೆಳಕು ಹರಿಯುವ ಮುಂಚೆಯೇ ಏಳಕ್ಕೂ ಬೆಂಕಿ ಇಡಿ ಎಂದು ಹೇಳಿ ಕಳಿಸಿದ.

ಕೆಲಸಗಾರರ ಪೈಕಿ ಹಿರಿಯನೊಬ್ಬ ಗುಡ್ಡ ಹತ್ತಿ ಬಂದ. "ಸಾಹುಕಾರ್ರೇ, ಆ ಹೊತ್ತಿಗೆ ಹದ್ದು ಇನ್ನೂ ಮರದಲ್ಲೇ ಕೂತಿರುತ್ತದೆ."

"ನಿಮ್ಮ ಮೇಸ್ತ್ರಿ ಅದೋ, ನಾನೋ? ಹಾಗಾದರೆ ಕೂಲಿಯನ್ನೂ ಅದರ ಹತ್ತಿರವೇ ಇಸಿದುಕೊಳ್ಳಿ."

ಹಿರಿಯ ಇಳಿದುಹೋದ. ಮತ್ತೆ ಹತ್ತಿ ಬರಲಿಲ್ಲ.

ಮಾರನೆಯ ಮುಂಜಾನೆ ಏಳೂ ಗೂಡು ಹೊತ್ತಿದವು. ಹೊಗೆ ತೆಂಗಿನ ಮರದೆತ್ತರ ಏರಿತು, ಅಲ್ಲಿಗೆ ನಿಂತಿತು. ಅಡ್ಡಕ್ಕೆ ಹರಡಿ ತಗ್ಗನ್ನೆಲ್ಲ ಮುಚ್ಚಿತು. ಸಾಹುಕಾರ ಮಹಡಿಯಿಂದ ನೋಡಿ ಹೆಂಡತಿಯನ್ನು ಕರೆದ.

"ನೋಡೇ, ಹಾಲು ಚೆಲ್ಲಿದ ಹಾಗಿದೆ. ದಿನವೂ ಕೂಗಾಡುವ ಜನ, ಇವತ್ತು ಒಂದು ಕೆಮ್ಮೂ ಇಲ್ಲ. ಎಷ್ಟು ನೆಮ್ಮದಿ."

ಬಿಸಿಲೇರಿತು. ಗಾಳಿ ತಿರುಗಿತು. ಹೊಗೆ ಹರಿದು ಮೇಲಕ್ಕೆ ಹೋಯಿತು. ಹದ್ದುಗಳು ಮರ ಬಿಟ್ಟವು. ಒಂದು ಸುತ್ತು ಏರಿದವು, ಆಮೇಲೆ ಒಂದೊಂದಾಗಿ ಗುಡಿಸಲುಗಳ ಅಂಗಳಕ್ಕೆ ಇಳಿದವು. ಓಡಿಸುವವರು ಯಾರೂ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು.

"ಸಾಹುಕಾರನಿಗೆ ಒಂದು ಕೂಗೂ ಕೇಳಿಸಲಿಲ್ಲವೇ, ಅಜ್ಜಾರೇ?"

"ಇಲ್ಲ, ನಿನಗೆ ಆರು ತಿಂಗಳಿಂದ ಕೇಳಿಸದ ಹಾಗೆ."